ಚಾಪೆಯಲ್ಲಿ ಅಳೆದ ಮನೆ: ಜಪಾನೀ ಗೃಹಶಬ್ದಗಳ ಒಂದು ಪಾಠ

ಉನ್ನತ ವ್ಯಾಸಂಗಕ್ಕಾಗಿ ಜಪಾನಿಗೆ ಹೋದ ನಮ್ಮ ವಿದ್ಯಾರ್ಥಿಯೊಬ್ಬನು ಅಲ್ಲಿ ಬಾಡಿಗೆಯ ಮನೆಯನ್ನು ಹುಡುಕುತ್ತಿರುವನೆಂದು ಭಾವಿಸೋಣ. ಅವನ ಕೈಗೆ ಬರುವ ಜಾಹೀರಾತು ಸಾಮಾನ್ಯವಾಗಿ ಹೀಗಿರುತ್ತದೆ:

‘ಮನ್‌ಶೊನ್. ನಿಕೈ. 2 ಡಿ.ಕೆ. ವಶಿತ್ಸು 6 ಜೋ, ಯೋಶಿತ್ಸು 4.5 ಜೋ, ಡಿ.ಕೆ. 6 ಜೋ. ಮಿನಮಿಮುಕಿ. ಎಕಿಯಿಂದ ತೊಹೊ 8 ನಿಮಿಷ. ಶಿಕಿಕಿನ್ 1, ರೇಕಿನ್ 1.’

ಇದರಲ್ಲಿ ಅಂಕಿಗಳುಂಟು, ಇಂಗ್ಲಿಷಿನ ಅಕ್ಷರಗಳೂ ಉಂಟು. ಆದರೂ ಮನೆ ಎಷ್ಟು ದೊಡ್ಡದು, ಅದರಲ್ಲಿ ಕೋಣೆಗಳೆಷ್ಟು, ಕೊಟ್ಟ ಹಣದಲ್ಲಿ ಹಿಂದಿರುಗಿ ಬರುವುದೆಷ್ಟು ಎಂಬುದೊಂದೂ ತಿಳಿಯುವಂತಿಲ್ಲ. ನಿಘಂಟನ್ನು ತೆರೆದರೆ ‘ಜೋ’ ಎಂಬುದು ಚಾಪೆಗಳನ್ನು ಎಣಿಸುವ ಮಾತೆಂದು ಕಂಡೀತು. ಕೋಣೆಯನ್ನು ಚಾಪೆಯಿಂದ ಅಳೆಯುವುದೆಂದರೇನು? ಎಲ್ಲ ಚಾಪೆಗಳೂ ಒಂದೇ ಅಳತೆಯವೇ? ಇದನ್ನು ತಿಳಿಯದೆ ಕರಾರಿಗೆ ರುಜು ಹಾಕಿದವನು ಮುಂದೆ ಪೇಚಿಗೆ ಸಿಕ್ಕಬಹುದು.

ಈ ಜಾಹೀರಾತನ್ನು ಕೊನೆಯವರೆಗೂ ಓದಲು ಕಲಿಯುವುದೇ ಈ ಪಾಠದ ಉದ್ದೇಶ. ಓದುತ್ತ ಹೋದಂತೆ ಇನ್ನೊಂದು ಸಂಗತಿಯೂ ನಮಗೆ ಗೋಚರವಾಗುವುದು. ಹಳೆಯ ಜಪಾನೀ ಮನೆಯಲ್ಲಿ ಕೋಣೆಗೆ ಅಳತೆಯಿತ್ತು. ಆದರೆ ಗೊತ್ತಾದ ಒಂದು ಕೆಲಸವಿರಲಿಲ್ಲ. ಕೋಣೆಗಳಿಗೆ ಕೆಲಸದ ಹೆಸರುಗಳು ಬಂದ ಕಾಲದಲ್ಲಿ ಮನೆಯೊಳಗಿನ ಬಾಳಿನ ರೀತಿಯೇ ಬೇರೆಯಾಯಿತು. ಆ ಬದಲಾವಣೆಯ ಗುರುತು ಮೇಲಿನ ನಾಲ್ಕು ಸಾಲುಗಳಲ್ಲಿಯೇ ಅಡಗಿದೆ.

ಮನೆ ಮತ್ತು ಮನೆಯವರು

ಮೊದಲು ಉಚ್ಚಾರಣೆಯ ವಿಷಯವಾಗಿ ಒಂದು ಮಾತು. ಜಪಾನೀ ಭಾಷೆಯ ಸ್ವರಗಳು ಅ, ಇ, ಉ, ಎ, ಒ ಎಂದು ಐದು; ಅವುಗಳಿಗೆ ಹ್ರಸ್ವ-ದೀರ್ಘಗಳ ಭೇದವುಂಟು. ಎ-ಏ, ಒ-ಓ ಭೇದ ನಮ್ಮ ಲಿಪಿಯಲ್ಲಿ ಇರುವುದರಿಂದ ಜಪಾನೀ ಮಾತುಗಳನ್ನು ಕನ್ನಡದಲ್ಲಿ ಬರೆಯುವುದು ಸುಲಭ. ಅವರ ಅಕ್ಷರಮಾಲೆಯ ಅನುಕ್ರಮವಾದರೋ ಬೌದ್ಧ ಭಿಕ್ಷುಗಳ ಸಂಸ್ಕೃತಾಧ್ಯಯನದ ಪ್ರಭಾವದಿಂದ ರೂಪುಗೊಂಡದ್ದು. ಊರುಗಳ ಹೆಸರುಗಳನ್ನು ಮಾತ್ರ ನಮ್ಮಲ್ಲಿ ರೂಢಿಯಿರುವಂತೆಯೇ ಬರೆದಿದ್ದೇವೆ. ಉಳಿದ ಶಬ್ದಗಳ ಹ್ರಸ್ವವನ್ನು ಹ್ರಸ್ವವಾಗಿಯೂ ದೀರ್ಘವನ್ನು ದೀರ್ಘವಾಗಿಯೂ ಓದಬೇಕು.

ವಾಕ್ಯರಚನೆಯೂ ನಮಗೆ ಅಪರಿಚಿತವಲ್ಲ. ‘ಉಚಿ ನಿ ಹೆಯ ಗ ಮಿತ್ಸು ಅರಿಮಸು’ ಎಂಬ ವಾಕ್ಯವನ್ನು ನೋಡಿ. ‘ಉಚಿ’ ಎಂದರೆ ಮನೆ, ‘ನಿ’ ಎಂಬುದು ನಮ್ಮ ‘ಅಲ್ಲಿ’ ಪ್ರತ್ಯಯದ ಸ್ಥಾನದಲ್ಲಿರುವುದು. ‘ಹೆಯ’ ಎಂದರೆ ಕೋಣೆ, ‘ಗ’ ಎಂಬುದು ಕರ್ತೃವಿನ ಗುರುತು. ‘ಮಿತ್ಸು’ ಎಂದರೆ ಮೂರು, ‘ಅರಿಮಸು’ ಎಂದರೆ ಇವೆ. ‘ಮನೆಯಲ್ಲಿ ಕೋಣೆ ಮೂರು ಇವೆ’ ಎಂದು ಪದಕ್ಕೆ ಪದವನ್ನಿಟ್ಟರೂ ಕನ್ನಡ ಕೆಡುವುದಿಲ್ಲ. ವಸ್ತುಗಳಿಗೆ ‘ಅರಿಮಸು’, ಮನುಷ್ಯರಿಗೂ ಪ್ರಾಣಿಗಳಿಗೂ ‘ಇಮಸು’ ಎಂಬ ಭೇದವನ್ನು ಮಾತ್ರ ನೆನಪಿನಲ್ಲಿಡಬೇಕು.

ಮನೆಗೆ ಜಪಾನೀಯರಲ್ಲಿ ಒಂದೇ ಹೆಸರಿಲ್ಲ. ಕಟ್ಟಡವನ್ನೂ ವಂಶವನ್ನೂ ಸೂಚಿಸುವ ಮಾತು ‘ಇಎ’. ‘ಉಚಿ’ ಎಂದರೆ ಒಳಗು. ಅದರಿಂದ ‘ನನ್ನ ಮನೆ’, ‘ನಮ್ಮವರು’ ಎಂಬ ಅರ್ಥಗಳು ಬಂದಿವೆ. ಎದುರಿಗಿರುವವರ ಮನೆಯನ್ನು ಗೌರವದಿಂದ ಹೇಳುವಾಗ ‘ಒತಕು’ ಎನ್ನಬೇಕು. ತನ್ನ ಮನೆಯನ್ನು ಹಾಗೆ ಕರೆದುಕೊಂಡರೆ ಕೇಳಿದವರು ನಕ್ಕಾರು. ಹೆಂಡತಿಯು ಗಂಡನನ್ನು ‘ಉಚಿ ನೊ ಹಿತೊ’ ಎಂದು ಹೇಳುವುದುಂಟು. ಅದರ ಅಕ್ಷರಾರ್ಥ ‘ನಮ್ಮ ಮನೆಯ ಮನುಷ್ಯ’. ನಮ್ಮ ಹೆಣ್ಣುಮಕ್ಕಳು ‘ನಮ್ಮ ಮನೆಯವರು’ ಎನ್ನುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಕಂಬಗಳ ನಡುವಣ ಅಂತರ

ಈಗ ಅಳತೆಗೆ ಬರೋಣ. ಜಪಾನೀ ಗೃಹಶಬ್ದಗಳಲ್ಲೆಲ್ಲ ಮುಖ್ಯವಾದುದು ‘ಮ’ ಎಂಬ ಒಂದೇ ಅಕ್ಷರದ ಮಾತು. ಎರಡು ವಸ್ತುಗಳ ನಡುವಣ ತೆರವು ಎಂಬುದು ಅದರ ಅರ್ಥ. ಅದನ್ನು ಬರೆಯುವ ಚೀನೀ ಲಿಪಿಚಿಹ್ನೆಯು ಬಾಗಿಲಿನ ಎರಡು ಕದಗಳನ್ನೂ ಅವುಗಳ ನಡುವೆ ಕಾಣುವ ಸೂರ್ಯನನ್ನೂ ತೋರಿಸುತ್ತದೆ. ಹಿಂದಿನ ಕಾಲದಲ್ಲಿ ಸೂರ್ಯನ ಬದಲು ಚಂದ್ರನನ್ನು ಬರೆಯುತ್ತಿದ್ದರು. ಇದೇ ‘ಮ’ ಕೋಣೆಗೂ ಹೆಸರಾಯಿತು. ‘ಇಮ’ ಎಂದರೆ ಇರುವ ತೆರವು, ಅಂದರೆ ಮನೆಮಂದಿ ಕುಳಿತಿರುವ ಕೋಣೆ. ‘ಚನೊಮ’ ಎಂದರೆ ಚಹಾ ಕುಡಿಯುವ ತೆರವು, ಅಂದರೆ ಕುಟುಂಬದವರು ಊಟಕ್ಕೂ ಮಾತುಕತೆಗೂ ಸೇರುವ ಕೋಣೆ. ‘ದೊಮ’ ಎಂದರೆ ಹಲಗೆ ಹಾಸದೆ ಬಿಟ್ಟ ಮಣ್ಣಿನ ನೆಲ. ಮನೆಯ ನಕ್ಷೆಗೆ ‘ಮದೊರಿ’ ಎಂದು ಹೆಸರು. ‘ತೆರವುಗಳನ್ನು ಹಿಡಿಯುವುದು’ ಎಂದು ಅದರ ಅರ್ಥ.

ಅದೇ ಲಿಪಿಚಿಹ್ನೆಯನ್ನು ‘ಕೆನ್’ ಎಂದು ಓದಿದರೆ ಅದು ಉದ್ದದ ಅಳತೆಯಾಗುವುದು. ಮರದ ಮನೆಯಲ್ಲಿ ಒಂದು ಕಂಬದಿಂದ ಮುಂದಿನ ಕಂಬಕ್ಕಿರುವ ದೂರವೇ ಮೊದಲಿಗೆ ಕೆನ್. ಊರೂರಿಗೆ ಬೇರೆಯಾಗಿದ್ದ ಈ ದೂರವು ಕಾಲಕ್ರಮದಲ್ಲಿ 6 ಶಕು ಎಂದು ನಿಂತಿತು. 1891ರ ಅಳತೆಯ ಕಾನೂನಿನ ಪ್ರಕಾರ ಒಂದು ಶಕು ಎಂದರೆ ಒಂದು ಮೀಟರಿನ 33ರಲ್ಲಿ 10 ಪಾಲು, ಅಂದರೆ 30.3 ಸೆಂಟಿಮೀಟರು. ಆದುದರಿಂದ ಒಂದು ಕೆನ್ ಸುಮಾರು 1.82 ಮೀಟರು.

ಈ ಮಾತನ್ನು ಓದುವಾಗ ನಮ್ಮ ‘ಅಂಕಣ’ ನೆನಪಾಗದೆ ಇರದು. ಎರಡು ಕಂಬಗಳ ನಡುವಣ ತೆರವೇ ಅಂಕಣ. ‘ಮೂರಂಕಣದ ಮನೆ’, ‘ಐದಂಕಣದ ಮನೆ’ ಎಂದು ನಮ್ಮ ಹಳ್ಳಿಗಳಲ್ಲಿ ಮನೆಯ ಗಾತ್ರವನ್ನು ಹೇಳುವುದುಂಟು. ಎರಡು ಜನಾಂಗಗಳು ಪರಸ್ಪರ ಕೇಳಿ ಕಲಿತ ಸಂಗತಿಯಲ್ಲ ಇದು. ಕಂಬ ನೆಟ್ಟು ತೊಲೆ ಹೊರಿಸಿ ಮನೆ ಕಟ್ಟುವವರಿಗೆ ತೊಲೆಯ ಉದ್ದವೇ ಸಹಜವಾದ ಅಳತೆಗೋಲು. ಅದರಿಂದ ಇಬ್ಬರಿಗೂ ಒಂದೇ ಉಪಾಯ ಹೊಳೆದಿದೆ. ಮುಂದೆ ಆ ಮಾತುಗಳು ಬೆಳೆದ ಬಗೆಯೂ ಸ್ವಾರಸ್ಯವಾಗಿದೆ. ನಮ್ಮಲ್ಲಿ ಅಂಕಣವು ವೃತ್ತಪತ್ರಿಕೆಯ ಪುಟಕ್ಕೂ ಆಟದ ಬಯಲಿಗೂ ಹೋಯಿತು. ಅವರಲ್ಲಿ ‘ಮ’ ಬರೆಯುವ ಚಿಹ್ನೆಯು ಕಾಲವನ್ನು ಹೇಳುವ ‘ಜಿಕನ್’ ಎಂಬ ಮಾತಿಗೂ ಮನುಷ್ಯನನ್ನು ಹೇಳುವ ‘ನಿಂಗೆನ್’ ಎಂಬ ಮಾತಿಗೂ ಸೇರಿತು.

ಚಾಪೆಯ ಲೆಕ್ಕ

ಕೆನ್ ಅಳತೆಯನ್ನು ನೆಲಕ್ಕೆ ತಂದ ವಸ್ತು ‘ತತಮಿ’. ಇದು ನಾವು ಸುರುಳಿ ಸುತ್ತಿಡುವ ಚಾಪೆಯಂಥದಲ್ಲ. ಒತ್ತಾಗಿ ಅದುಮಿ ಹೊಲಿದ ಬತ್ತದ ಹುಲ್ಲಿನ ದಿಂಡಿಗೆ ಜೊಂಡಿನಂಥ ಒಂದು ಹುಲ್ಲಿನಿಂದ ನೇಯ್ದ ಹೊದಿಕೆಯನ್ನು ಹೊದಿಸಿದ, ಸುಮಾರು 5 ಸೆಂಟಿಮೀಟರು ದಪ್ಪದ ಹಲಗೆಯಂಥ ಹಾಸು. ಮಡಿಸು ಎಂಬ ಅರ್ಥದ ‘ತತಮು’ ಧಾತುವಿನಿಂದ ಈ ಹೆಸರು ಬಂದಿರುವುದನ್ನು ನೋಡಿದರೆ ಮೊದಲಿಗೆ ಅದೂ ಮಡಿಸಿಡುವ ತೆಳು ಚಾಪೆಯಾಗಿದ್ದಿತೆಂದು ತಿಳಿಯುತ್ತದೆ. ಮರದ ನೆಲದ ಮೇಲೆ ಕುಳಿತುಕೊಳ್ಳುವೆಡೆಯಲ್ಲಿ ಮಾತ್ರ ಅದನ್ನು ಹಾಸುತ್ತಿದ್ದರು. ಬರಬರುತ್ತ ಅದು ಇಡೀ ಕೋಣೆಯನ್ನು ತುಂಬಿತು. ಅತಿಥಿಗಳ ಕೋಣೆಗಿರುವ ‘ಜಶಿಕಿ’ ಎಂಬ ಹೆಸರು ಆ ಚರಿತ್ರೆಯನ್ನೇ ಹೇಳುತ್ತದೆ: ‘ಜ’ ಎಂದರೆ ಆಸನ, ‘ಶಿಕಿ’ ಎಂದರೆ ಹಾಸು.

ತತಮಿಯ ಉದ್ದವು ಅಗಲದ ಎರಡರಷ್ಟು. ಸ್ಥೂಲವಾಗಿ ಉದ್ದ ಒಂದು ಕೆನ್, ಅಗಲ ಅರ್ಧ ಕೆನ್. ಒಬ್ಬ ಮನುಷ್ಯ ಮಲಗುವಷ್ಟು ಸ್ಥಳ. ಇಂತಹ ಎರಡು ಚಾಪೆಗಳು ಸೇರಿದ ಚೌಕಕ್ಕೆ ‘ತ್ಸುಬೊ’ ಎಂದು ಹೆಸರು, ಅದು 3.306 ಚದರ ಮೀಟರು. ಚಾಪೆಗಳ ಸಂಖ್ಯೆಯನ್ನು ‘ಜೋ’ ಸೇರಿಸಿ ಹೇಳುವರು. ‘ರೊಕುಜೋ’ ಎಂದರೆ ಆರು ಚಾಪೆಗಳ ಕೋಣೆ. ‘ಯೊಜೋಹನ್’ ಎಂದರೆ ನಾಲ್ಕೂವರೆ ಚಾಪೆಗಳ ಕೋಣೆ. ಚಹಾವಿಧಿಯ ಕೋಣೆಗೆ ಇದೇ ಪ್ರಸಿದ್ಧವಾದ ಅಳತೆ.

ಅರ್ಧ ಚಾಪೆ ಏಕೆ ಬಂದಿತೆಂದು ವಾಚಕರು ಕೇಳಬಹುದು. ಒಂದು ಕಾಗದದ ಮೇಲೆ ಮೂರು ಮನೆ ಉದ್ದ, ಮೂರು ಮನೆ ಅಗಲದ ಚೌಕವನ್ನು ಬರೆಯಿರಿ. ಅದರಲ್ಲಿ ಒಂಬತ್ತು ಮನೆಗಳಿರುವುವು. ಪ್ರತಿಯೊಂದು ಚಾಪೆ ಎರಡು ಮನೆಗಳನ್ನು ತುಂಬುವುದರಿಂದ ನಾಲ್ಕು ಚಾಪೆಗಳು ಎಂಟು ಮನೆಗಳನ್ನು ತುಂಬಿ ಒಂದು ಉಳಿಯುತ್ತದೆ. ಆ ಒಂದು ಮನೆಗೆ ಅರ್ಧ ಚಾಪೆಯೇ ಬೇಕು. ಇದರೊಡನೆ ಇನ್ನೊಂದು ನಿಯಮವೂ ಉಂಟು. ಶುಭಸಂದರ್ಭದ ಹಾಸಿನಲ್ಲಿ ನಾಲ್ಕು ಚಾಪೆಗಳ ಮೂಲೆಗಳು ಒಂದೇ ಬಿಂದುವಿನಲ್ಲಿ ಕೂಡಬಾರದು. ಅರ್ಧ ಚಾಪೆಯನ್ನು ನಡುಮನೆಯಲ್ಲಿಟ್ಟು ಸುತ್ತಲೂ ನಾಲ್ಕು ಚಾಪೆಗಳನ್ನು ಗಾಳಿಗಿರಿಗಿಟ್ಟಿಯ ರೆಕ್ಕೆಗಳಂತೆ ಜೋಡಿಸಿದರೆ ಈ ನಿಯಮ ತಾನಾಗಿ ನೆರವೇರುವುದು. ಮೂರಕ್ಕೆ ನಾಲ್ಕು ಮನೆಗಳ ಆರು ಚಾಪೆಯ ಕೋಣೆಯಲ್ಲಿ ಇದನ್ನು ಹೇಗೆ ಸಾಧಿಸಬಹುದೆಂಬುದನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ.

ಆರು ಚಾಪೆ ಎಂದರೆ ಎಷ್ಟು?

ಇಲ್ಲಿಯೇ ಎಚ್ಚರಿಕೆಯಿರಬೇಕಾದುದು. ಕ್ಯೋಟೋ ಸೀಮೆಯ ಚಾಪೆಯ ಉದ್ದ 191 ಸೆಂಟಿಮೀಟರು. ಅದಕ್ಕೆ ‘ಕ್ಯೋಮ’ ಎಂದು ಹೆಸರು. ಟೋಕಿಯೋ ಸೀಮೆಯದು 176 ಸೆಂಟಿಮೀಟರು. ಆ ನಗರದ ಹಳೆಯ ಹೆಸರಾದ ಎದೊ ಎಂಬುದರಿಂದ ಅದು ‘ಎದೊಮ’. ಎರಡನೆಯ ಮಹಾಯುದ್ಧದ ನಂತರ ಎದ್ದ ಬಹು ಮಹಡಿಯ ವಸತಿಗಳಲ್ಲಿ, ಅಂದರೆ ‘ದಂಚಿ’ಗಳಲ್ಲಿ, ಸುಮಾರು 170 ಸೆಂಟಿಮೀಟರು ಉದ್ದದ ‘ದಂಚಿಮ’ ಬಂದಿತು. ಗುಣಿಸಿ ನೋಡಿದರೆ ಆರು ಚಾಪೆಗಳ ನೆಲವು ಕ್ಯೋಟೋದಲ್ಲಿ ಸುಮಾರು 10.9 ಚದರ ಮೀಟರು, ಟೋಕಿಯೋದಲ್ಲಿ 9.3, ದಂಚಿಯಲ್ಲಿ 8.7. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರದಲ್ಲಿ ದಂಚಿಯ ಒಂದೂವರೆ ಚಾಪೆಗಳನ್ನೇ ಹಾಸಬಹುದು! ಹೆಸರು ಒಂದೇ, ನೆಲ ಬೇರೆ.

ಈ ಭೇದಕ್ಕೆ ಕಾರಣ ಕಟ್ಟುವ ಕ್ರಮ. ಕ್ಯೋಟೋದಲ್ಲಿ ಚಾಪೆಯ ಅಳತೆಯನ್ನು ಮೊದಲು ಗೊತ್ತುಮಾಡಿ ಅದರ ಸುತ್ತ ಕಂಬಗಳನ್ನು ನೆಡುತ್ತಿದ್ದರು. ಎದೊ ನಗರದಲ್ಲಿ ಕಂಬದ ನಡುವಿನಿಂದ ಕಂಬದ ನಡುವಿಗೆ 6 ಶಕು ಅಳೆದು, ಉಳಿದ ತೆರವಿಗೆ ತಕ್ಕಂತೆ ಚಾಪೆ ಮಾಡುತ್ತಿದ್ದರು. ಕಂಬದ ದಪ್ಪವೆಲ್ಲ ಚಾಪೆಯ ಪಾಲಿಗೆ ನಷ್ಟ. ಮೊದಲನೆಯ ಪದ್ಧತಿಯಿಂದ ಒಂದು ಸೌಕರ್ಯವೂ ಒದಗಿತು. ಹಿಂದೆ ಓಸಾಕಾ ನಗರದಲ್ಲಿ ಬಾಡಿಗೆಯ ಮನೆಯನ್ನು ಚಾಪೆ, ಕದಗಳಿಲ್ಲದೆ ಬರಿದಾಗಿ ಕೊಡುವ ‘ಹದಕಗಶಿ’ ಎಂಬ ಪದ್ಧತಿಯಿತ್ತು. ಹಾಗೆಂದರೆ ‘ಬತ್ತಲೆ ಬಾಡಿಗೆ’. ಬಾಡಿಗೆದಾರನು ತನ್ನ ಚಾಪೆಗಳನ್ನೂ ಕದಗಳನ್ನೂ ಹೊತ್ತು ತರುತ್ತಿದ್ದನು. ಅಳತೆ ಒಂದೇ ಆದುದರಿಂದ ಅವು ಯಾವ ಮನೆಗಾದರೂ ಹೊಂದುತ್ತಿದ್ದುವು. ಕೈಗಾರಿಕೆಯ ಯುಗಕ್ಕೆ ಬಹಳ ಮುಂಚೆಯೇ ಬಿಡಿಭಾಗಗಳ ಏಕರೂಪತೆಯನ್ನು ಬಡಗಿಗಳು ಸಾಧಿಸಿದ್ದರೆಂಬುದು ಗಮನಾರ್ಹ.

1959ರಿಂದ ಜಪಾನಿನ ವ್ಯವಹಾರಗಳಲ್ಲಿ ಮೆಟ್ರಿಕ್ ಪದ್ಧತಿ ಕಡ್ಡಾಯವಾಯಿತು. ಭೂಮಿ ಮತ್ತು ಕಟ್ಟಡಗಳಿಗೆ 1966ರವರೆಗೆ ವಿನಾಯಿತಿಯಿತ್ತು. ಆದರೂ ಜೋ ಮತ್ತು ತ್ಸುಬೊ ಬಳಕೆಯಲ್ಲಿ ಉಳಿದಿವೆ; ಬೆಂಗಳೂರಿನಲ್ಲಿ ಮನೆ ಕಟ್ಟುವವರು 100 ಚದರ ಅಡಿಗೆ ಒಂದು ‘ಚದರ’ ಎಂದು ಇಂದಿಗೂ ಎಣಿಸುವಂತೆ. ಗೊಂದಲವನ್ನು ತಪ್ಪಿಸಲು ಮನೆ ವ್ಯಾಪಾರದ ಜಾಹೀರಾತುಗಳಿಗೆ ಒಂದು ನಿಯಮವನ್ನು ಮಾಡಿದ್ದಾರೆ: ಒಂದು ಜೋ ಎಂದರೆ 1.62 ಚದರ ಮೀಟರಿಗೆ ಕಡಿಮೆಯಿರಬಾರದು. ಅಳತೆಯನ್ನು ಗೋಡೆಯ ನಡುವಿನಿಂದ ಗೋಡೆಯ ನಡುವಿಗೆ ಹಿಡಿಯಬೇಕು. ಆದಕಾರಣ ಚಾಪೆಯೇ ಇಲ್ಲದ ಮರದ ನೆಲದ ಕೋಣೆಯನ್ನೂ ಇಂದು ಜೋ ಲೆಕ್ಕದಲ್ಲಿಯೇ ಹೇಳುತ್ತಾರೆ. ಚಾಪೆ ಹೋದರೂ ಅದರ ನೆರಳು ಅಳತೆಯಾಗಿ ನಿಂತಿದೆ.

ಗೊತ್ತಾದ ಕೆಲಸವಿಲ್ಲದ ಕೋಣೆ

ಹಳೆಯ ಮನೆಯೊಳಕ್ಕೆ ಈಗ ಕಾಲಿಡೋಣ. ಬಾಗಿಲಲ್ಲಿ ಪಾದರಕ್ಷೆಗಳನ್ನು ಬಿಡುವ ತಗ್ಗು ಸ್ಥಳ ‘ಗೆಂಕನ್’. ಇದು ಝೆನ್ ಬೌದ್ಧರ ಮಾತು. ಗಹನವಾದುದರ ಬಾಗಿಲು ಎಂಬುದು ಮೂಲಾರ್ಥ. ಮನೆಯ ನೆಲ ಇದಕ್ಕಿಂತ ಎತ್ತರವಾಗಿರುವುದರಿಂದ ಅತಿಥಿಗೆ ‘ಒಳಗೆ ಬನ್ನಿ’ ಎನ್ನುವ ಬದಲು ‘ಮೇಲೆ ಬನ್ನಿ’ ಎಂಬ ಅರ್ಥದಲ್ಲಿ ‘ಒಅಗರಿ ಕುದಸೈ’ ಎನ್ನುವರು. ಕೋಣೆಗೂ ತೋಟಕ್ಕೂ ನಡುವೆ ಮರದ ಹಲಗೆಯ ಜಗಲಿ ‘ಎಂಗವ’. ಹೊರಗಿನ ಬೆಳಕನ್ನು ಸೋಸಿ ಒಳಗೆ ಬಿಡುವ ತೆಳು ಕಾಗದದ ಜಾರುಕದ ‘ಶೋಜಿ’. ಕೋಣೆ ಕೋಣೆಗಳ ನಡುವಣ ದಪ್ಪ ಕಾಗದದ ಜಾರುಕದ ‘ಫುಸುಮ’. ಅತಿಥಿಗಳ ಕೋಣೆಯಲ್ಲಿ ಚಿತ್ರವನ್ನು ತೂಗುಹಾಕಿ ಹೂವನ್ನು ಇಡುವ ಗೂಡು ‘ತೊಕೊನೊಮ’. ಅದರ ಮುಂದಿನ ಆಸನವೇ ಉನ್ನತವಾದುದು. ಅದನ್ನು ಹಿರಿಯ ಅತಿಥಿಗೆ ಬಿಡಬೇಕು.

ಗೋಡೆಯೊಳಗೆ ‘ಒಶೀರೆ’ ಎಂಬ ಕಪಾಟುಂಟು. ‘ತಳ್ಳಿ ಇಡುವುದು’ ಎಂದು ಅದರ ಅರ್ಥ. ಹಗಲು ಹಾಸಿಗೆಗಳೆಲ್ಲ ಇದರೊಳಗೆ. ರಾತ್ರಿ ಅವನ್ನು ತೆಗೆದು ಹಾಸಿದರೆ ಅದೇ ಕೋಣೆ ಮಲಗುವ ಮನೆ. ಬೆಳಗ್ಗೆ ಕುಳ್ಳು ಮೇಜನ್ನು ತಂದಿಟ್ಟರೆ ಊಟದ ಮನೆ. ಫುಸುಮಗಳನ್ನು ಕಳಚಿಟ್ಟರೆ ಎರಡು ಕೋಣೆಗಳು ಸೇರಿ ಮದುವೆಗೂ ಉತ್ತರಕ್ರಿಯೆಗೂ ಸಾಲುವ ಹಜಾರ. ಹೀಗಿರಲು ‘ಇದು ಯಾವ ಕೆಲಸದ ಕೋಣೆ?’ ಎಂಬ ಪ್ರಶ್ನೆಗಿಂತ ‘ಇದು ಎಷ್ಟು ಚಾಪೆಯ ಕೋಣೆ?’ ಎಂಬ ಪ್ರಶ್ನೆಯೇ ಉಚಿತವಾದುದಾಗಿತ್ತು.

ಅಡಿಗೆಯ ಮನೆಗೆ ಮಾತ್ರ ಸ್ಥಳ ಗೊತ್ತಾಗಿತ್ತು. ಅದರ ಹೆಸರು ‘ದೈದೊಕೊರೊ’. ಹಳೆಯ ಶ್ರೀಮಂತರ ಅರಮನೆಗಳಲ್ಲಿ ಊಟದ ಹಲಗೆಗಳನ್ನು ಇಡುತ್ತಿದ್ದ ಜಾಗದ ಹೆಸರು ಸವೆದು ಈ ಮಾತಾಗಿದೆ. ಸಾಮಾನ್ಯವಾಗಿ ಅದು ಮನೆಯ ಉತ್ತರ ಭಾಗದಲ್ಲಿ, ಬಿಸಿಲು ಬೀಳದ ತಣ್ಣನೆಯ ಮೂಲೆಯಲ್ಲಿರುತ್ತಿತ್ತು. ಗಂಡಸು ತನ್ನ ಹೆಂಡತಿಯನ್ನು ‘ಕನೈ’ ಎನ್ನುವನು, ಅಂದರೆ ಮನೆಯ ಒಳಗು. ಇತರರ ಹೆಂಡತಿಯನ್ನು ‘ಒಕುಸನ್’ ಎನ್ನುವನು, ಅಂದರೆ ಒಳಮನೆಯವರು. ಮನೆಯ ನಕ್ಷೆಯೇ ಹೆಂಗಸಿನ ಹೆಸರಾಗಿ ನಿಂತಿದ್ದಿತು.

ಮೂರು ಪದರಗಳು

ಭೂಮಿಯನ್ನು ಅಗೆದಾಗ ಪದರಗಳು ಕಾಣುವಂತೆ ಕೋಣೆಗಳ ಹೆಸರುಗಳಲ್ಲಿಯೂ ಮೂರು ಪದರಗಳನ್ನು ಕಾಣಬಹುದು. ‘ಮ’ ಕೊನೆಯಲ್ಲಿ ಬರುವ ದೇಶ್ಯ ಶಬ್ದಗಳು ತಳದ ಪದರ. ಅದರ ಮೇಲೆ ಚೀನೀ ಮೂಲದ ‘ಶಿತ್ಸು’ ಸೇರಿದ ಶಬ್ದಗಳು: ‘ಶಿನ್‌ಶಿತ್ಸು’ ಮಲಗುವ ಕೋಣೆ, ‘ಯೊಕುಶಿತ್ಸು’ ಸ್ನಾನದ ಕೋಣೆ, ‘ಕ್ಯೋಶಿತ್ಸು’ ಪಾಠದ ಕೋಣೆ. ಜಪಾನೀ ಬಗೆಯ ಚಾಪೆಯ ಕೋಣೆ ‘ವಶಿತ್ಸು’. ಪಾಶ್ಚಾತ್ಯ ಬಗೆಯ ಮರದ ನೆಲದ ಕೋಣೆ ‘ಯೋಶಿತ್ಸು’. ಎಲ್ಲಕ್ಕೂ ಮೇಲೆ ಇಂಗ್ಲಿಷಿನಿಂದ ಬಂದ ‘ಕಿಚ್ಚಿನ್’, ‘ರಿಬಿಂಗು’, ‘ತೊಇರೆ’ ಮುಂತಾದವು. ನಮ್ಮ ಬಚ್ಚಲುಮನೆ, ಸ್ನಾನಗೃಹ, ಬಾತ್‌ರೂಮು ಎಂಬ ಮೂರನ್ನು ಸಾಲಾಗಿ ನಿಲ್ಲಿಸಿದರೆ ಇದೇ ಕಥೆ. ದೇಶ್ಯದ ಮೇಲೆ ಶಾಸ್ತ್ರಭಾಷೆ, ಅದರ ಮೇಲೆ ಇಂಗ್ಲಿಷು.

ಇಂಗ್ಲಿಷಿನ ಪದರದಲ್ಲಿ ಜಾರಿ ಬೀಳುವ ಸ್ಥಳಗಳೂ ಉಂಟು. ‘ಮನ್‌ಶೊನ್’ ಎಂಬುದನ್ನು ಕೇಳಿ ಯಾರೂ ಬಂಗಲೆಯನ್ನು ಕನಸು ಕಾಣಬಾರದು. ಕಾಂಕ್ರೀಟಿನ ಬಹು ಮಹಡಿಯ ಕಟ್ಟಡದಲ್ಲಿರುವ ಒಂದು ಮನೆಗೆ, ಅದು ಒಂದೇ ಕೋಣೆಯದಾದರೂ, ಈ ಹೆಸರು ಸಲ್ಲುತ್ತದೆ. ಮರ ಅಥವಾ ಹಗುರವಾದ ಉಕ್ಕಿನ ಚೌಕಟ್ಟಿನ, ಸಾಮಾನ್ಯವಾಗಿ ಎರಡು ಅಂತಸ್ತಿನ ಕಟ್ಟಡವಾದರೆ ಅದು ‘ಅಪಾತೊ’.

‘ಡಿ.ಕೆ.’ ಹುಟ್ಟಿದ ಬಗೆ

ಇನ್ನು ಜಾಹೀರಾತಿನ ಮುಖ್ಯ ಗುಟ್ಟು. 1940ರ ದಶಕದ ಆರಂಭದಲ್ಲಿ ನಿಶಿಯಮ ಉಜೋ ಎಂಬ ವಾಸ್ತುಶಾಸ್ತ್ರಜ್ಞರು ಸಾಮಾನ್ಯ ಜನರ ಚಿಕ್ಕ ಮನೆಗಳನ್ನು ಹೊಕ್ಕು, ಯಾರು ಎಲ್ಲಿ ಉಣ್ಣುವರು, ಎಲ್ಲಿ ಮಲಗುವರು ಎಂಬುದನ್ನು ಪರಿಶೀಲಿಸಿದರು. ಒಂದೇ ಕೋಣೆ ಎಲ್ಲ ಕೆಲಸಕ್ಕೂ ಒದಗುವುದರಿಂದ ಬಡವರ ಮನೆಯಲ್ಲಿ ಬೇರೆ ಕೋಣೆಗಳು ಅನಗತ್ಯವೆಂದು ಆಗ ಹಲವರು ನಂಬಿದ್ದರು. ನಿಶಿಯಮ ಅವರು ಕಂಡದ್ದೇ ಬೇರೆ. ಮಲಗುವಲ್ಲಿ ಇಕ್ಕಟ್ಟಾದರೂ ಚಿಂತೆಯಿಲ್ಲವೆಂದು, ಜನರು ಇದ್ದ ಎರಡು ಕೋಣೆಗಳಲ್ಲಿ ಚಿಕ್ಕದೊಂದನ್ನು ಊಟಕ್ಕೆ ಉಳಿಸಿಕೊಳ್ಳುತ್ತಿದ್ದರು. ಉಣ್ಣುವೆಡೆಯನ್ನೂ ಮಲಗುವೆಡೆಯನ್ನೂ ಬೇರ್ಪಡಿಸುವುದು ಸಿರಿವಂತರ ಬಯಕೆಯಲ್ಲ, ಬದುಕಿನ ಕನಿಷ್ಠ ಅಗತ್ಯ ಎಂದು ಅವರು ವಾದಿಸಿದರು.

ಯುದ್ಧ ಮುಗಿದಾಗ ಜಪಾನಿನಲ್ಲಿ ಸುಮಾರು 42 ಲಕ್ಷ ಮನೆಗಳ ಕೊರತೆಯಿತ್ತೆಂದು ಅಂದಾಜು. ಕಡಿಮೆ ನೆಲದಲ್ಲಿ ಹೆಚ್ಚು ಸಂಸಾರಗಳಿಗೆ ಆಸರೆ ಬೇಕಾಗಿತ್ತು. 1951ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಯೊಶಿತಕೆ ಯಸುಮಿ ಮತ್ತು ಅವರ ಸಂಗಡಿಗರು ಸಾರ್ವಜನಿಕ ವಸತಿಗಾಗಿ ‘51ಸಿ’ ಎಂಬ ಮಾದರಿ ನಕ್ಷೆಯನ್ನು ಸಿದ್ಧಪಡಿಸಿದರು. ಪ್ರತ್ಯೇಕ ಊಟದ ಕೋಣೆಗೆ ಸ್ಥಳವಿರಲಿಲ್ಲ; ಆದುದರಿಂದ ಅಡಿಗೆಮನೆಯನ್ನೇ ತುಸು ಹಿಗ್ಗಿಸಿ ಅಲ್ಲಿಯೇ ಉಣ್ಣುವಂತೆ ಮಾಡಿ, ಎರಡು ಕೋಣೆಗಳನ್ನು ನಿದ್ರೆಗೆ ಬಿಟ್ಟರು. 1955ರಲ್ಲಿ ಸ್ಥಾಪಿತವಾದ ಜಪಾನ್ ವಸತಿ ನಿಗಮವು ಇದೇ ಕಲ್ಪನೆಯನ್ನು ಸಾವಿರಾರು ಮನೆಗಳಲ್ಲಿ ಆಚರಣೆಗೆ ತಂದಿತು. ‘ದೈನಿಂಗು ಕಿಚ್ಚಿನ್’ ಎಂಬ ಹೆಸರು, ಅದರ ಸಂಕ್ಷೇಪವಾದ ಡಿ.ಕೆ., ಹೀಗೆ ಮನೆಮಾತಾದುವು.

ಈ ಕಾರ್ಯದಲ್ಲಿ ನೆನೆಯಬೇಕಾದ ಇನ್ನೊಬ್ಬರು ಹಮಗುಚಿ ಮಿಹೊ. ಜಪಾನಿನಲ್ಲಿ ಮೊದಲ ದರ್ಜೆಯ ವಾಸ್ತುಶಿಲ್ಪಿಯ ಪರವಾನೆಯನ್ನು ಪಡೆದ ಪ್ರಥಮ ಮಹಿಳೆ ಇವರು. ಅತಿಥಿಯ ಕೋಣೆಗೆ ಬಿಸಿಲನ್ನೂ ಅಡಿಗೆಯವಳಿಗೆ ಕತ್ತಲನ್ನೂ ಹಂಚುವ ಮನೆಯ ನಕ್ಷೆಯು ಊಳಿಗಮಾನ್ಯ ಕಾಲದ ಅವಶೇಷವೆಂದು 1949ರಲ್ಲಿಯೇ ತಮ್ಮ ಗ್ರಂಥದಲ್ಲಿ ಅವರು ಖಂಡಿಸಿದ್ದರು. ನಿಗಮದ ಮನೆಗಳಲ್ಲಿ ಅಡಿಗೆಯ ಸ್ಥಳವನ್ನು ಬೆಳಕಿಗೆ ತರುವುದಕ್ಕೂ ತುಕ್ಕು ಹಿಡಿಯದ ಉಕ್ಕಿನ ತೊಳೆಯುವ ತೊಟ್ಟಿಯನ್ನು ರೂಢಿಗೆ ತರುವುದಕ್ಕೂ ಅವರು ಶ್ರಮಿಸಿದರು. ಎರಡು ಇಂಗ್ಲಿಷ್ ಅಕ್ಷರಗಳ ಹಿಂದೆ ಇರುವುದು ಇಷ್ಟು ದೊಡ್ಡ ಸಂಗತಿ: ಉತ್ತರದ ಮೂಲೆಯಲ್ಲಿದ್ದ ಹೆಂಗಸು ಮನೆಮಂದಿಯ ನಡುವಿಗೆ ಬಂದಳು.

ಅಕ್ಷರಗಳ ಲೆಕ್ಕ ಈಗ ಸುಲಭ. ಮೊದಲ ಅಂಕಿಯು ಡಿ.ಕೆ.ಯನ್ನು ಬಿಟ್ಟು ಉಳಿದ ಕೋಣೆಗಳ ಸಂಖ್ಯೆ. ಬರಿಯ ‘ಕೆ’ ಎಂದರೆ ಅಡಿಗೆಯ ಸ್ಥಳ ಮಾತ್ರ. ‘ಎಲ್’ ಸೇರಿ ‘ಎಲ್.ಡಿ.ಕೆ.’ ಆದರೆ ಕುಳಿತುಕೊಳ್ಳುವ ಸ್ಥಳವೂ ಅದರಲ್ಲಿ ಕೂಡಿದೆ. ಎರಡು ಅಥವಾ ಹೆಚ್ಚು ಕೋಣೆಗಳಿರುವ ಮನೆಯಲ್ಲಿ ಡಿ.ಕೆ. ಎನ್ನಬೇಕಾದರೆ ಅದು ಕನಿಷ್ಠ 6 ಜೋ, ಎಲ್.ಡಿ.ಕೆ. ಎನ್ನಬೇಕಾದರೆ 10 ಜೋ ಇರಬೇಕೆಂಬುದು ಜಾಹೀರಾತುಗಳಿಗೆ ವಿಧಿಸಿರುವ ಮಟ್ಟ. ‘ಎಸ್’ ಎಂಬ ಅಕ್ಷರ ಕಂಡರೆ ಎಚ್ಚರವಿರಲಿ. 1950ರ ಕಟ್ಟಡ ಕಾನೂನಿನಂತೆ ವಾಸದ ಕೋಣೆಗೆ ನೆಲದ ಏಳನೆಯ ಒಂದು ಪಾಲಿನಷ್ಟಾದರೂ ಬೆಳಕು ಬರುವ ಕಿಟಕಿ ಬೇಕು. ಸಾಕಷ್ಟು ದೀಪದ ಏರ್ಪಾಡಿದ್ದಲ್ಲಿ ಹತ್ತನೆಯ ಒಂದು ಪಾಲು ಸಾಕೆಂದು 2023ರಲ್ಲಿ ಸಡಿಲಿಸಿದರು. ಅಷ್ಟು ಬೆಳಕಿಲ್ಲದ ಕೋಣೆಯನ್ನು ವಾಸದ ಕೋಣೆಯೆಂದು ಎಣಿಸುವಂತಿಲ್ಲ, ಅದೇ ‘ಎಸ್’.

ದಕ್ಷಿಣದ ಬಿಸಿಲು

‘ಮಿನಮಿಮುಕಿ’ ಎಂದರೆ ದಕ್ಷಿಣಕ್ಕೆ ಮುಖ ಮಾಡಿದುದು. ‘ಮಿನಮಿ’ ದಕ್ಷಿಣ, ‘ಮುಕಿ’ ಎಂಬುದು ನಮ್ಮ ‘ಮುಖಿ’ಯಂತೆ ಕೇಳಿಸಿದರೂ ಅದು ತಿರುಗು ಎಂಬರ್ಥದ ಜಪಾನೀ ಧಾತುವಿನಿಂದ ಬಂದದ್ದು, ಹೋಲಿಕೆ ಆಕಸ್ಮಿಕ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳಿನಲ್ಲಿ ಇಲ್ಲಿ ನಡುಹಗಲ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಸರಿಯುವನು. ಟೋಕಿಯೋ 35.7 ಡಿಗ್ರಿಯಲ್ಲಿರುವುದರಿಂದ ಅಲ್ಲಿ ಸೂರ್ಯನು ವರ್ಷವಿಡೀ ನಡುಹಗಲಿನಲ್ಲಿ ದಕ್ಷಿಣದಲ್ಲಿಯೇ ಇರುವನು. ಜೂನ್ ಕೊನೆಯಲ್ಲಿ ಸುಮಾರು 78 ಡಿಗ್ರಿ ಎತ್ತರದಲ್ಲಿ, ಡಿಸೆಂಬರ್ ಕೊನೆಯಲ್ಲಿ ಕೇವಲ 31 ಡಿಗ್ರಿ ಎತ್ತರದಲ್ಲಿ. ದಕ್ಷಿಣದ ಗೋಡೆಯಿಂದ ಒಂದು ಮೀಟರು ಚಾಚಿದ ಸೂರು ಬೇಸಗೆಯ ನಡುಹಗಲಿನಲ್ಲಿ 4.7 ಮೀಟರು ಕೆಳಗಿನವರೆಗೆ ನೆರಳು ಕೆಡವುತ್ತದೆ, ಚಳಿಗಾಲದಲ್ಲಿ 0.6 ಮೀಟರು ಮಾತ್ರ. ಬೇಡದ ಬಿಸಿಲು ಹೊರಗೆ, ಬೇಕಾದ ಬಿಸಿಲು ಚಾಪೆಯ ಮೇಲೆ. ದಕ್ಷಿಣಾಭಿಮುಖವಾದ ಮನೆಗೆ ಅಲ್ಲಿ ಬೆಲೆ ಹೆಚ್ಚೇಕೆಂಬುದು ಇದರಿಂದ ಸ್ಪಷ್ಟ.

ಜಾಹೀರಾತನ್ನು ಓದೋಣ

ಉಳಿದಿರುವುದು ಕೆಲವೇ ಮಾತುಗಳು. ‘ನಿಕೈ’ ಎಂದರೆ ಎರಡನೆಯ ಅಂತಸ್ತು. ಆದರೆ ನೆಲದ ಅಂತಸ್ತನ್ನೇ ಒಂದೆಂದು ಎಣಿಸುವುದರಿಂದ ಅದು ನಮ್ಮ ಮೊದಲನೆಯ ಮಹಡಿ. ‘ಎಕಿ’ ರೈಲು ನಿಲ್ದಾಣ, ‘ತೊಹೊ’ ಕಾಲ್ನಡಿಗೆ. ಒಂದು ನಿಮಿಷಕ್ಕೆ 80 ಮೀಟರು ಎಂಬುದು ಇಲ್ಲಿಯೂ ಗೊತ್ತಾದ ಲೆಕ್ಕ. ‘ಶಿಕಿಕಿನ್’ ಎಂದರೆ ಠೇವಣಿ. ಜಶಿಕಿಯಲ್ಲಿ ಕಂಡ ‘ಶಿಕಿ’ಯೇ ಇದು, ‘ಹಾಸಿಟ್ಟ ಹಣ’. ದುರಸ್ತಿಯ ಖರ್ಚು ಕಳೆದು ಉಳಿದದ್ದು ಹಿಂದಕ್ಕೆ ಬರುವುದು. ‘ರೇಕಿನ್’ ಎಂದರೆ ಮನೆಯ ಒಡೆಯನಿಗೆ ಸಲ್ಲಿಸುವ ಕೃತಜ್ಞತೆಯ ಹಣ. ಅದು ಹಿಂದಿರುಗಿ ಬಾರದು. ಮುಂದಿನ ಅಂಕಿ ಎಷ್ಟು ತಿಂಗಳ ಬಾಡಿಗೆ ಎಂಬುದನ್ನು ತಿಳಿಸುತ್ತದೆ.

ಆದುದರಿಂದ ನಮ್ಮ ವಿದ್ಯಾರ್ಥಿಯು ಆ ಸಾಲುಗಳನ್ನು ಈಗ ಹೀಗೆ ಓದಬಹುದು: ಕಾಂಕ್ರೀಟಿನ ಕಟ್ಟಡದ ಮೊದಲ ಮಹಡಿಯ ಮನೆ; ಊಟದ ಸ್ಥಳವುಳ್ಳ ಅಡಿಗೆಮನೆಯಲ್ಲದೆ ಎರಡು ಕೋಣೆಗಳು; ಒಂದು ಚಾಪೆಯದು, ಒಂದು ಮರದ ನೆಲದ್ದು. ಮೂರೂ ಸೇರಿ ಹದಿನಾರೂವರೆ ಜೋ, 1.62ರಿಂದ ಗುಣಿಸಿದರೆ ಕನಿಷ್ಠ 26.7 ಚದರ ಮೀಟರು, ಅಂದರೆ ಸುಮಾರು 288 ಚದರ ಅಡಿ. ನಮ್ಮ ಲೆಕ್ಕದಲ್ಲಿ ಮೂರು ಚದರಕ್ಕೆ ತುಸು ಕಡಿಮೆ. ಸ್ನಾನದ ಮನೆ ಮೊದಲಾದವು ಇದಕ್ಕೆ ಹೊರತು. ಚಳಿಗಾಲದ ಬಿಸಿಲು ಒಳಗೆ ಬರುವುದು. ನಿಲ್ದಾಣಕ್ಕೆ 640 ಮೀಟರಿಗಿಂತ ದೂರವಿಲ್ಲ. ಮೊದಲ ತಿಂಗಳ ಬಾಡಿಗೆಯ ಜೊತೆಗೆ ಇನ್ನೆರಡು ತಿಂಗಳ ಹಣ ಕೈಯಲ್ಲಿರಬೇಕು; ಅದರಲ್ಲಿ ಒಂದು ಮರಳಿ ಬಾರದು.

ಇಷ್ಟನ್ನು ತಿಳಿದು ರುಜು ಹಾಕಿದವನಿಗೆ ಮೋಸದ ಭಯ ಕಡಿಮೆ. ಆ ಮನೆಯೊಳಗೆ ಕಾಲಿಟ್ಟ ದಿನ ಅವನು ಇನ್ನೊಂದನ್ನೂ ಗಮನಿಸಿಯಾನು. ಚಾಪೆಯ ಕೋಣೆಯಲ್ಲಿ ಒಶೀರೆಯ ಕದವನ್ನು ಸರಿಸಿ ಹಾಸಿಗೆಯನ್ನು ಒಳಗಿಟ್ಟರೆ ಕೋಣೆ ಬರಿದಾಗುವುದು, ಪಕ್ಕದ ಡಿ.ಕೆ.ಯಲ್ಲಿ ಮೇಜು ಸದಾ ಅದೇ ಎಡೆಯಲ್ಲಿರುವುದು. ಮೊದಲನೆಯದು ಅಳತೆಯಿಂದ ಹೆಸರು ಪಡೆದ ಕೋಣೆ, ಎರಡನೆಯದು ಕೆಲಸದಿಂದ ಹೆಸರು ಪಡೆದದ್ದು. ಒಂದೇ ಬಾಡಿಗೆಗೆ ಎರಡು ಕಾಲಗಳ ಮನೆಯಲ್ಲಿ ಅವನು ವಾಸಮಾಡುತ್ತಿರುವನು.